ಸಮವಸ್ತ್ರದ ನಿಷ್ಠೆ, ನುಡಿಯ ಮರೆವು: ಯುದ್ಧದ ಪುನರಭಿನಯವೆಂಬ ಹವ್ಯಾಸ

1913ರ ಜುಲೈ 3ರ ಮಧ್ಯಾಹ್ನ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗೆಟಿಸ್‌ಬರ್ಗ್ ಊರಿನ ಹೊರಬಯಲಿನಲ್ಲಿ ವೃದ್ಧರ ಗುಂಪೊಂದು ಒಂದು ಮೋಟು ಕಲ್ಲುಗೋಡೆಯ ಕಡೆಗೆ ನಿಧಾನವಾಗಿ ನಡೆದುಹೋಯಿತು. ಐವತ್ತು ವರ್ಷಗಳ ಹಿಂದೆ ಅದೇ ದಿನ, ಅದೇ ಬಯಲನ್ನು ದಾಟಲು ಹೊರಟ ದಕ್ಷಿಣ ರಾಜ್ಯಗಳ ಸುಮಾರು ಹನ್ನೆರಡು ಸಾವಿರ ಸೈನಿಕರಲ್ಲಿ ಅರ್ಧದಷ್ಟು ಜನ ಸತ್ತರು, ಗಾಯಗೊಂಡರು ಇಲ್ಲವೆ ಸೆರೆಸಿಕ್ಕರು. ಈಗ ನಡೆಯುತ್ತಿದ್ದವರು ಅಂದು ಬದುಕಿ ಉಳಿದವರು. ಗೋಡೆಯ ಆಚೆ ನಿಂತಿದ್ದವರೂ ಅಂದಿನ ಉತ್ತರದ ಸೈನಿಕರೇ. ಈ ಬಾರಿ ಅವರು ಬಂದೂಕು ಎತ್ತಲಿಲ್ಲ, ಗೋಡೆಯ ಮೇಲಿಂದ ಕೈ ಚಾಚಿದರು. ಆ ವರ್ಷದ ಸಮಾವೇಶಕ್ಕೆ 50,000ಕ್ಕೂ ಹೆಚ್ಚು ಮಾಜಿ ಯೋಧರು ಬಂದಿದ್ದರು.

ಯುದ್ಧದ ಪುನರಭಿನಯವನ್ನು ಇಂದು ವಾರಾಂತ್ಯದ ಹವ್ಯಾಸವೆಂದು ಕರೆಯುವವರು ಈ ಆರಂಭವನ್ನು ನೆನಪಿಡಬೇಕು. ಅಮೆರಿಕದ ಅಂತರ್ಯುದ್ಧವನ್ನು ಮೊದಲು ಮತ್ತೆ ಆಡಿ ತೋರಿಸಿದವರು ನಟರಲ್ಲ, ತಮ್ಮ ಪಾತ್ರವನ್ನು ತಾವೇ ವಹಿಸಿದವರು. ಅವರ ಆಟದ ಉದ್ದೇಶ ಕಾಳಗವನ್ನು ಮರಳಿ ಕಟ್ಟುವುದಾಗಿರಲಿಲ್ಲ, ಅದನ್ನು ಮುಗಿಸುವುದಾಗಿತ್ತು. ಹಾಗೆ ಮುಗಿಸುವಾಗ ಬಿಟ್ಟುಹೋದ ಸಂಗತಿಯೂ ಒಂದಿತ್ತು. ಉತ್ತರದ ಸೇನೆಯಲ್ಲಿ ಹೋರಾಡಿದ ಕಪ್ಪು ಜನರ ಸಂಖ್ಯೆ ಸುಮಾರು 1,80,000. ಗೆಟಿಸ್‌ಬರ್ಗಿನ ಕೈಕುಲುಕಾಟದಲ್ಲಿ ಅವರಿಗೆ ಎಡೆಯಿರಲಿಲ್ಲ. ಇತಿಹಾಸಕಾರ ಡೇವಿಡ್ ಬ್ಲೈಟ್ ತಮ್ಮ ‘ರೇಸ್ ಅಂಡ್ ರಿಯೂನಿಯನ್’ (2001) ಕೃತಿಯಲ್ಲಿ ವಾದಿಸುವಂತೆ, ಎರಡು ಕಡೆಯ ಬಿಳಿಯರ ರಾಜಿಗೆ ತೆತ್ತ ಬೆಲೆಯೆಂದರೆ ಯುದ್ಧಕ್ಕೆ ಕಾರಣವಾದ ಗುಲಾಮಗಿರಿಯನ್ನೇ ಮರೆತದ್ದು. ಪುನರಭಿನಯವು ಏನನ್ನು ಉಳಿಸುತ್ತದೆ, ಏನನ್ನು ಉದುರಿಸಿಬಿಡುತ್ತದೆ ಎಂಬ ಪ್ರಶ್ನೆ ಹೀಗೆ ಅದರ ಹುಟ್ಟಿನೊಂದಿಗೇ ಅಂಟಿಕೊಂಡಿದೆ.

ಈ ಹವ್ಯಾಸಕ್ಕೆ ಇಂದಿನ ರೂಪ ಬಂದದ್ದು 1960ರ ದಶಕದಲ್ಲಿ. ಅಂತರ್ಯುದ್ಧದ ಶತಮಾನೋತ್ಸವದ ಅಂಗವಾಗಿ 1961ರ ಜುಲೈಯಲ್ಲಿ ವರ್ಜೀನಿಯಾದ ಮನಾಸಸ್ ರಣಭೂಮಿಯಲ್ಲಿ ಯುದ್ಧದ ಮೊದಲ ದೊಡ್ಡ ಕಾಳಗವನ್ನು ಸಾವಿರಾರು ಜನರ ಮುಂದೆ ಆಡಿ ತೋರಿಸಲಾಯಿತು. ಸತ್ತವರ ನೆಲದಲ್ಲಿ ಜಾತ್ರೆ ನಡೆಸಿದಂತಾಯಿತೆಂಬ ಟೀಕೆ ಬಂದಿತು. ರಾಷ್ಟ್ರೀಯ ಉದ್ಯಾನ ಇಲಾಖೆ ತನ್ನ ವಶದಲ್ಲಿರುವ ರಣಭೂಮಿಗಳಲ್ಲಿ ಕಾಳಗದ ಅಭಿನಯವನ್ನು ಮುಂದೆ ನಿಷೇಧಿಸಿತು. ಆ ಶತಮಾನೋತ್ಸವದ ಇನ್ನೊಂದು ಘಟನೆಯನ್ನೂ ಇಲ್ಲಿ ಹೇಳಬೇಕು. ಅದೇ ವರ್ಷದ ಏಪ್ರಿಲ್‌ನಲ್ಲಿ ಚಾರ್ಲ್ಸ್‌ಟನ್ ನಗರದಲ್ಲಿ ಸೇರಬೇಕಾಗಿದ್ದ ಆಚರಣಾ ಆಯೋಗದ ಸಭೆಗೆ ನ್ಯೂಜೆರ್ಸಿಯಿಂದ ಬರಲಿದ್ದ ಕಪ್ಪು ಪ್ರತಿನಿಧಿಯೊಬ್ಬರಿಗೆ, ಉಳಿದವರು ತಂಗುವ ಹೋಟೆಲಿನಲ್ಲಿ ಕೋಣೆ ಇಲ್ಲವೆನ್ನಲಾಯಿತು. ನೂರು ವರ್ಷದ ಹಿಂದಿನ ಯುದ್ಧವನ್ನು ಸ್ಮರಿಸಲು ಹೊರಟವರಿಗೆ ಅದು ಇನ್ನೂ ಮುಗಿದಿಲ್ಲವೆಂಬುದು ಹೋಟೆಲಿನ ಬಾಗಿಲಲ್ಲೇ ತಿಳಿಯಿತು.

ನಿಷೇಧದಿಂದ ಹವ್ಯಾಸವೇನೂ ಸೊರಗಲಿಲ್ಲ. ಖಾಸಗಿ ಹೊಲಗದ್ದೆಗಳಿಗೆ ಸರಿದು ಇನ್ನಷ್ಟು ಬೆಳೆಯಿತು. ಇಂಗ್ಲೆಂಡಿನಲ್ಲಿ 17ನೆಯ ಶತಮಾನದ ಅಂತರ್ಯುದ್ಧವನ್ನು ಆಡುವ ‘ಸೀಲ್ಡ್ ನಾಟ್’ ಸಂಘ 1968ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಪೀಟರ್ ಯಂಗ್ ಎರಡನೆಯ ಮಹಾಯುದ್ಧದಲ್ಲಿ ನಿಜವಾಗಿ ಹೋರಾಡಿದ್ದ ಬ್ರಿಗೇಡಿಯರ್. 1998ರ ಗೆಟಿಸ್‌ಬರ್ಗ್ ಕೂಟದಲ್ಲಿ ಸಮವಸ್ತ್ರ ತೊಟ್ಟವರೇ ಹದಿನೈದು ಸಾವಿರಕ್ಕೂ ಹೆಚ್ಚಿದ್ದರೆಂದು ಅಂದಾಜು. 2015ರಲ್ಲಿ ವಾಟರ್ಲೂ ಕದನದ ದ್ವಿಶತಮಾನೋತ್ಸವಕ್ಕೆ ಬೆಲ್ಜಿಯಮ್ಮಿನ ಬಯಲಿನಲ್ಲಿ ಸುಮಾರು 5,000 ಹವ್ಯಾಸಿಗಳು, 300 ಕುದುರೆಗಳು, 100 ಫಿರಂಗಿಗಳು ನೆರೆದವು.

ಈ ಹವ್ಯಾಸಿಗಳ ಶ್ರದ್ಧೆಯನ್ನು ನಗೆಯಾಡುವುದು ಸುಲಭ, ಆದರೆ ನ್ಯಾಯವಲ್ಲ. ಅಮೆರಿಕದ ಅಂತರ್ಯುದ್ಧದ ಹವ್ಯಾಸಿಯೊಬ್ಬ ಉತ್ತರದ ಸಾಮಾನ್ಯ ಸಿಪಾಯಿಯಾಗಬೇಕಾದರೆ ಅವನ ಕೋಟಿಗೆ ನಾಲ್ಕು ಹಿತ್ತಾಳೆ ಗುಂಡಿಗಳಿರಬೇಕು. ಗುಂಡಿಯ ಕಾಜಾ ಯಂತ್ರದ್ದಲ್ಲ, ಕೈಹೊಲಿಗೆಯದಾಗಿರಬೇಕು. ಉಣ್ಣೆಯ ನೇಯ್ಗೆ, ಬಣ್ಣ ಹಾಕಿದ ಬಗೆ, ಕನ್ನಡಕದ ಚೌಕಟ್ಟು, ಒಣರೊಟ್ಟಿಯ ಗಡಸು, ಎಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ. ಪಾಲಿಯೆಸ್ಟರ್ ಬಟ್ಟೆ ತೊಟ್ಟು ಬಂದವನಿಗೆ, ಕೈಗಡಿಯಾರ ಬಿಚ್ಚಿಡಲು ಮರೆತವನಿಗೆ ಆ ವಲಯದಲ್ಲಿ ‘ಫಾರ್ಬ್’ ಎಂಬ ಬೈಗುಳವಿದೆ. ಇನ್ನೊಂದು ತುದಿಯಲ್ಲಿರುವವರು ‘ಹಾರ್ಡ್‌ಕೋರ್’ಗಳು. ಅವರು ಚಳಿಗಾಲದ ರಾತ್ರಿಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಬಯಲಿನಲ್ಲೇ ಮಲಗುತ್ತಾರೆ, ಅಂದಿನ ಸಿಪಾಯಿಯಂತೆ ಬಡಕಲಾಗಲು ಊಟ ಬಿಡುತ್ತಾರೆ. ಪತ್ರಕರ್ತ ಟೋನಿ ಹಾರ್ವಿಟ್ಜ್ 1998ರಲ್ಲಿ ಪ್ರಕಟಿಸಿದ ‘ಕಾನ್ಫೆಡರೇಟ್ಸ್ ಇನ್ ದಿ ಆಟಿಕ್’ ಕೃತಿ ಇಂಥವರ ಬದುಕನ್ನು ಹತ್ತಿರದಿಂದ ಚಿತ್ರಿಸಿ ಹೆಸರಾಯಿತು. ಹಳೆಯ ಬಟ್ಟೆ, ಚರ್ಮ, ಹೊಲಿಗೆಗಳ ಬಗ್ಗೆ ಇವರು ಕೈಯಾರೆ ಗಳಿಸಿದ ಜ್ಞಾನ ಎಷ್ಟೋ ವಿದ್ವಾಂಸರಲ್ಲಿಲ್ಲ.

ಕಾಳಗದ ನಡಾವಳಿಗೆ ತನ್ನದೇ ನಿಯಮಗಳಿವೆ. ಬಂದೂಕು ಬಹುಮಟ್ಟಿಗೆ ಇಟಲಿಯ ಕಾರ್ಖಾನೆಗಳಲ್ಲಿ ತಯಾರಾದ ಪ್ರತಿಕೃತಿ. ಕಾಗದದ ತೋಟಾದಲ್ಲಿ ಮದ್ದು ಇರುತ್ತದೆ, ಗುಂಡು ಇರುವುದಿಲ್ಲ. ಮದ್ದನ್ನು ಜಡಿಯುವ ಸಲಾಕೆಯನ್ನು ಕಾಳಗದ ನಡುವೆ ಹೊರತೆಗೆಯುವಂತಿಲ್ಲ. ಮರೆತು ಒಳಗೇ ಬಿಟ್ಟರೆ ಅದೇ ಬಾಣವಾಗಿ ಹಾರುತ್ತದೆ. ಎದುರಾಳಿ ಹತ್ತಿರವಿದ್ದರೆ ನಳಿಗೆಯನ್ನು ಮೇಲಕ್ಕೆತ್ತಿ ಹಾರಿಸಬೇಕು. ಇನ್ನುಳಿದ ತೊಡಕೆಂದರೆ ಸಾವು. ಎಲ್ಲರಿಗೂ ಗುಂಡು ಹಾರಿಸುವ ಆಸೆ. ದೂರದ ಊರಿನಿಂದ ವಾಹನ ಓಡಿಸಿಕೊಂಡು ಬಂದವನಿಗೆ ಮೊದಲ ಐದು ನಿಮಿಷದಲ್ಲೇ ಸತ್ತು ಬಿಸಿಲಿನಲ್ಲಿ ಅಂಗಾತ ಬಿದ್ದಿರಲು ಮನಸ್ಸಿಲ್ಲ. ಆದ್ದರಿಂದ ಕೆಲವು ಕೂಟಗಳಲ್ಲಿ ಯಾರು ಯಾವಾಗ ಬೀಳಬೇಕೆಂಬುದನ್ನು ಚೀಟಿ ಹಂಚಿ ನಿರ್ಧರಿಸುತ್ತಾರೆ. ಅಂದಿನ ಸೈನಿಕನ ಸರಾಸರಿ ವಯಸ್ಸು ಸುಮಾರು 26. ಇಂದಿನ ಹವ್ಯಾಸಿಗಳಲ್ಲಿ ನಡುವಯಸ್ಸು ದಾಟಿದವರೇ ಹೆಚ್ಚು. ಆ ಯುದ್ಧದಲ್ಲಿ ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು ಜನ ಗುಂಡಿನಿಂದಲ್ಲ, ಭೇದಿ, ವಿಷಮಶೀತಜ್ವರದಂಥ ರೋಗಗಳಿಂದ ಸತ್ತರು. ಅದನ್ನು ಆಡಿ ತೋರಿಸುವವರಿಲ್ಲ, ನೋಡುವವರೂ ಇರಲಾರರು.

ಇಷ್ಟೆಲ್ಲ ಕಷ್ಟಪಡುವುದು ಯಾಕೆ? ಹೊಗೆ ದಟ್ಟವಾದಾಗ, ಪ್ರೇಕ್ಷಕರೂ ವಿದ್ಯುತ್ ಕಂಬಗಳೂ ಮರೆಯಾದಾಗ, ಕೆಲವು ಕ್ಷಣ ತಾನು ನಿಜಕ್ಕೂ 1863ರಲ್ಲೇ ಇದ್ದೇನೆ ಎನ್ನಿಸುವ ಅನುಭವವನ್ನು ಹವ್ಯಾಸಿಗಳು ಹೇಳಿಕೊಳ್ಳುತ್ತಾರೆ. ಅದಕ್ಕೆ ಅವರು ‘ಪೀರಿಯಡ್ ರಷ್’ ಎನ್ನುತ್ತಾರೆ. ಕನ್ನಡದಲ್ಲಿ ‘ಕಾಲಾವೇಶ’ ಎನ್ನಬಹುದು. ತತ್ತ್ವಜ್ಞಾನಿ ಆರ್. ಜಿ. ಕಾಲಿಂಗ್‌ವುಡ್ ಅವರ ಮರಣಾನಂತರ 1946ರಲ್ಲಿ ಪ್ರಕಟವಾದ ‘ದಿ ಐಡಿಯಾ ಆಫ್ ಹಿಸ್ಟರಿ’ ಕೃತಿಯೂ ಇತಿಹಾಸವನ್ನು ಪುನರಭಿನಯವೆಂದೇ ಕರೆಯುತ್ತದೆ. ಆದರೆ ಅಲ್ಲಿ ಇತಿಹಾಸಕಾರ ಮರಳಿ ಆಡಬೇಕಾದದ್ದು ಗತಕಾಲದ ವ್ಯಕ್ತಿಯ ಆಲೋಚನೆಯನ್ನು, ಅದೂ ತನ್ನ ಮನಸ್ಸಿನೊಳಗೆ. ಹವ್ಯಾಸಿಯ ಕಾಲಾವೇಶ ಮೈಗೆ ಸಂಬಂಧಿಸಿದ್ದು. ಉಣ್ಣೆಯ ತುರಿಕೆ, ಬೆವರು, ಹೆಗಲಿಗೆ ಕಚ್ಚುವ ಪಟ್ಟಿ ಇವುಗಳ ಮೂಲಕ ಅದು ಬರುತ್ತದೆ. ಆಲೋಚನೆಯನ್ನು ಮರಳಿ ಆಡಬೇಕಾದರೆ ಬೇಕಾದ ಇನ್ನೊಂದು ಸಾಮಗ್ರಿ ಈ ಬಯಲುಗಳಲ್ಲಿ ಅಪರೂಪ. ಅದು ನುಡಿ.

ಗುಂಡಿಯ ಸಂಖ್ಯೆಗೆ ಜಗಳಾಡುವ ಶಿಬಿರದಲ್ಲಿ, ಆ ಗುಂಡಿ ಹಾಕಿಕೊಂಡವನು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದನೆಂಬ ಪ್ರಶ್ನೆ ಅಷ್ಟು ಬಿಸಿಯಾಗಿ ಏಳುವುದಿಲ್ಲ. ಕಾಸರಗೋಡು ಸೀಮೆಯ ತಾಳಮದ್ದಳೆಯನ್ನು ಕೇಳಿ ಬೆಳೆದವರಿಗೆ ಇದು ವಿಚಿತ್ರವಾಗಿ ತೋರಬಹುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಆಯುಧವಿಲ್ಲ. ಭಾಗವತರ ಪದ, ಅರ್ಥಧಾರಿಗಳ ಮಾತು ಇಷ್ಟರಲ್ಲೇ ಕರ್ಣಾರ್ಜುನರ ಕಾಳಗ ಮುಗಿಯುತ್ತದೆ. ಪುನರಭಿನಯ ಇದರ ನೇರ ತಿರುವುಮುರುವು. ಅಲ್ಲಿ ವೇಷ, ಆಯುಧ, ನೆಲ ಎಲ್ಲವೂ ಇವೆ, ಮಾತು ಮಾತ್ರ ಇಂದಿನದು.

ಅಮೆರಿಕದ ಅಂತರ್ಯುದ್ಧ ಒಂದೇ ಭಾಷೆಯ ಯುದ್ಧವಾಗಿರಲಿಲ್ಲ. ಉತ್ತರದ ಸೇನೆಯಲ್ಲಿ ಜರ್ಮನ್ ನಾಡುಗಳಲ್ಲಿ ಹುಟ್ಟಿದವರೇ ಸುಮಾರು ಎರಡು ಲಕ್ಷ ಮಂದಿ. 1848ರ ಕ್ರಾಂತಿ ಸೋತ ಮೇಲೆ ದೇಶ ಬಿಟ್ಟು ಬಂದ ಆಗಸ್ಟ್ ವಿಲಿಕ್ ಕಟ್ಟಿದ ಇಂಡಿಯಾನಾದ 32ನೆಯ ರೆಜಿಮೆಂಟಿನಲ್ಲಿ ಕವಾಯತಿನ ಆಜ್ಞೆಗಳೇ ಜರ್ಮನ್ ಭಾಷೆಯಲ್ಲಿದ್ದವು. 1861ರ ಡಿಸೆಂಬರ್ 17ರಂದು ಕೆಂಟಕಿಯ ರೌಲೆಟ್ಸ್ ಸ್ಟೇಷನ್ ಬಳಿ ನಡೆದ ಕಾಳಗದಲ್ಲಿ ಈ ರೆಜಿಮೆಂಟಿನ 13 ಜನ ಸತ್ತರು. ಅವರ ಜತೆಗಾರನಾಗಿದ್ದ ಆಗಸ್ಟ್ ಬ್ಲೋಡ್ನರ್ ಎಂಬ ಸಿಪಾಯಿ ಮರುತಿಂಗಳೇ ಸುಣ್ಣದ ಕಲ್ಲಿನ ಚಪ್ಪಡಿಯೊಂದರಲ್ಲಿ ಸತ್ತವರ ಸ್ಮರಣೆಯನ್ನು ಜರ್ಮನ್ ಭಾಷೆಯಲ್ಲೇ ಕೆತ್ತಿದ. ಆ ಯುದ್ಧದ ಉಳಿದುಬಂದ ಸ್ಮಾರಕಗಳಲ್ಲಿ ಅತ್ಯಂತ ಹಳೆಯದೆಂದು ಗುರುತಿಸಲಾಗಿರುವುದು ಇದೇ. ಕರ್ನಾಟಕದ ಗಡಿಯಾಚೆಗೆ ಊರ ಬದಿಯಲ್ಲಿ ನಿಂತ ಕನ್ನಡ ವೀರಗಲ್ಲುಗಳನ್ನು ಕಂಡವರಿಗೆ ಈ ಕಲ್ಲು ಅಪರಿಚಿತವೆನಿಸದು. ಮೆತ್ತಗಿನ ಕಲ್ಲಾದ್ದರಿಂದ ಅದರ ಅಕ್ಷರಗಳು ಮಳೆ ಚಳಿಗೆ ಪದರು ಪದರಾಗಿ ಉದುರಿದವು. ಲೂಯಿವಿಲ್ ನಗರದ ಸೈನಿಕ ಸ್ಮಶಾನದಲ್ಲಿದ್ದ ಅದನ್ನು 2008ರಲ್ಲಿ ಸಂರಕ್ಷಣೆಗಾಗಿ ಅಲ್ಲಿಂದ ಎತ್ತಿ, ಮುಂದೆ ವಸ್ತುಸಂಗ್ರಹಾಲಯದ ಸೂರಿನಡಿ ಇಡಲಾಯಿತು.

ದಕ್ಷಿಣದ ಸೇನೆಯಲ್ಲೂ ಹೀಗೆಯೇ. ಲೂಸಿಯಾನಾದ ಕೆಲವು ಪಡೆಗಳ ಕವಾಯತು ಫ್ರೆಂಚಿನಲ್ಲಿ ನಡೆಯುತ್ತಿತ್ತು. ಫ್ರೆಂಚ್ ಶ್ರೀಮಂತ ಕುಟುಂಬದ ಕಮೀಲ್ ದ ಪೊಲಿಞ್ಯಾಕ್ ದಕ್ಷಿಣದ ಸೇನಾನಿಯಾದಾಗ, ಅವನ ಹೆಸರು ನಾಲಿಗೆಗೆ ಹೊರಳದ ಟೆಕ್ಸಾಸ್ ಸಿಪಾಯಿಗಳು ಅವನನ್ನು ‘ಪೋಲ್‌ಕ್ಯಾಟ್’ ಎಂದು, ಎಂದರೆ ನಾರುವ ಕಾಡುಬೆಕ್ಕಿನಂಥ ಪ್ರಾಣಿಯ ಹೆಸರಿನಿಂದ, ಕರೆದರು. ನ್ಯೂಮೆಕ್ಸಿಕೋದಲ್ಲಿ ಉತ್ತರದ ಪರವಾಗಿ ನಿಂತ ಸ್ವಯಂಸೇವಕರಲ್ಲಿ ಹೆಚ್ಚಿನವರ ಮನೆಮಾತು ಸ್ಪ್ಯಾನಿಷ್. ಚೆರೋಕಿ ಜನರು ಎರಡು ಪಕ್ಷವಾಗಿ ಒಡೆದು ಹೋರಾಡಿದರು. ದಕ್ಷಿಣದ ಸೇನಾಪತಿಗಳಲ್ಲಿ ಎಲ್ಲರಿಗಿಂತ ಕೊನೆಗೆ, 1865ರ ಜೂನ್ 23ರಂದು, ಶರಣಾದವನು ಚೆರೋಕಿಯಾದ ಸ್ಟ್ಯಾಂಡ್ ವೇಟಿ.

ಇವರ ವೇಷವನ್ನು ಹವ್ಯಾಸಿಗಳು ತೊಡುವುದಿಲ್ಲವೆಂದಲ್ಲ. ಜರ್ಮನ್ ರೆಜಿಮೆಂಟಿನ ಹೆಸರಿನಲ್ಲಿ ಕೂಡುವವರೂ ನಾಲ್ಕಾರು ಆಜ್ಞೆಗಳನ್ನು ಕಲಿತು ಕೂಗುವವರೂ ಇದ್ದಾರೆ. ಆದರೆ ಆಜ್ಞೆ ಮುಗಿದು ಸಾಲು ಕದಲಿದ ಕೂಡಲೇ ಶಿಬಿರದ ಮಾತು ಇಂಗ್ಲಿಷಿಗೆ ಮರಳುತ್ತದೆ. ಇದಕ್ಕೆ ಹವ್ಯಾಸಿಗಳ ಸೋಮಾರಿತನವನ್ನು ದೂರುವಂತಿಲ್ಲ, ಕಾರಣ ಶಾಲೆಗಳಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಾತಾಡುವುದೇ ದ್ರೋಹವೆಂಬ ವಾತಾವರಣ ಅಮೆರಿಕದಲ್ಲಿ ಬೆಳೆಯಿತು. ನೆಬ್ರಾಸ್ಕಾ ರಾಜ್ಯ 1919ರಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷಲ್ಲದ ಭಾಷೆಯನ್ನು ಕಲಿಸುವುದನ್ನು ಶಿಕ್ಷಾರ್ಹಗೊಳಿಸಿತು. ‘ಮೇಯರ್ ವಿರುದ್ಧ ನೆಬ್ರಾಸ್ಕಾ’ ಪ್ರಕರಣದಲ್ಲಿ 1923ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ರದ್ದುಗೊಳಿಸುವ ಹೊತ್ತಿಗೆ, ಮನೆಮಾತನ್ನು ಮಕ್ಕಳಿಗೆ ದಾಟಿಸುವ ಧೈರ್ಯವನ್ನು ಬಹಳ ಕುಟುಂಬಗಳು ಕಳೆದುಕೊಂಡಿದ್ದವು. ಲೂಸಿಯಾನಾದ 1921ರ ಸಂವಿಧಾನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷೊಂದೇ ಬೋಧನೆಯ ಭಾಷೆಯೆಂದು ವಿಧಿಸಿತು. ಶಾಲೆಯ ಅಂಗಳದಲ್ಲಿ ಫ್ರೆಂಚ್ ಆಡಿದ ಮಕ್ಕಳು ಪೆಟ್ಟು ತಿಂದರು. ಹೀಗಾಗಿ 1961ರಲ್ಲಿ ಮೊಮ್ಮಕ್ಕಳು, ಮರಿಮಕ್ಕಳು ಅಜ್ಜಂದಿರ ಕೋಟು ತೊಟ್ಟು ಬಯಲಿಗಿಳಿದಾಗ ಕೋಟು ಸಿಕ್ಕಿತು, ಮಾತು ಸಿಗಲಿಲ್ಲ. ಕೋಟನ್ನು ನೋಡಿ ಹೊಲಿಯಬಹುದು. ಎರಡು ತಲೆಮಾರು ಬಿಟ್ಟ ಮನೆಮಾತನ್ನು ಹೊಲಿದು ತರಲು ಬರುವುದಿಲ್ಲ.

ಯೂರೋಪಿನ ಬಯಲುಗಳಲ್ಲಿ ಚಿತ್ರ ತುಸು ಬೇರೆ. ರೋಮನ್ ಸೈನಿಕರ ವೇಷ ತೊಡುವ ಇಂಗ್ಲಿಷ್ ಹವ್ಯಾಸಿಗಳು ಲ್ಯಾಟಿನ್ ಆಜ್ಞೆಗಳನ್ನು ಉರುಹೊಡೆಯುತ್ತಾರೆ. ಪ್ರತಿವರ್ಷ ಡಿಸೆಂಬರಿನಲ್ಲಿ ಜೆಕ್ ನಾಡಿನ ಬ್ರನೊ ನಗರದ ಸಮೀಪ ಆಸ್ಟರ್ಲಿಟ್ಜ್ ಕದನವನ್ನು (1805) ಆಡುವಾಗ ನೆಪೋಲಿಯನ್ನನ ಕಡೆಯ ಜೆಕ್ ಹವ್ಯಾಸಿಗಳು ಫ್ರೆಂಚಿನಲ್ಲಿ ಆಜ್ಞೆ ಕೇಳಿ ಹೆಜ್ಜೆ ಹಾಕುತ್ತಾರೆ. ಸತ್ತ ಭಾಷೆಯೂ ಸಾಮ್ರಾಟನ ಭಾಷೆಯೂ ಹೀಗೆ ಸುಲಭವಾಗಿ ಮರಳಿ ಬರುತ್ತವೆ. ಅವಕ್ಕೆ ಕೈಪಿಡಿಗಳಿವೆ, ಗೌರವವಿದೆ. ಆ ಕದನದ ಸೋತ ಪಕ್ಷಗಳಲ್ಲೊಂದಾದ ಆಸ್ಟ್ರಿಯಾದ ಸೇನೆ ಮುಂದೆ 1867ರ ನಂತರ ಈ ಪ್ರಶ್ನೆಗೆ ಕಂಡುಕೊಂಡ ಏರ್ಪಾಡು ಭಾಷಾ ಅಲ್ಪಸಂಖ್ಯಾತರ ಅಧ್ಯಯನಕ್ಕೆ ಇಂದಿಗೂ ಉಪಯುಕ್ತ. ಎಲ್ಲ ಸೈನಿಕರೂ ಕಲಿಯಬೇಕಾಗಿದ್ದ ಜರ್ಮನ್ ಆಜ್ಞೆಗಳು ಸುಮಾರು ಎಂಬತ್ತು ಮಾತ್ರ. ಅದರಾಚೆಗೆ, ಒಂದು ರೆಜಿಮೆಂಟಿನಲ್ಲಿ ಶೇಕಡ 20ರಷ್ಟು ಜನ ಆಡುವ ಯಾವುದೇ ಭಾಷೆ ಆ ರೆಜಿಮೆಂಟಿನ ಅಧಿಕೃತ ಭಾಷೆಯಾಗುತ್ತಿತ್ತು. ಕಲಿಯುವ ಹೊಣೆ ಸಿಪಾಯಿಯದಲ್ಲ, ಅಧಿಕಾರಿಯದು. ಒಂದೇ ರೆಜಿಮೆಂಟಿಗೆ ಎರಡು, ಕೆಲವೊಮ್ಮೆ ಮೂರು ಭಾಷೆಗಳೂ ಇರುತ್ತಿದ್ದವು. ಅಧಿಕಾರಿಗಳು ಎಷ್ಟು ಚೆನ್ನಾಗಿ ಕಲಿತರೆಂಬುದು ಬೇರೆ ಮಾತು.

ಕನ್ನಡ ನಾಡಿನ ಯುದ್ಧವೊಂದನ್ನು ಪರದೇಶದ ಹವ್ಯಾಸ ಬಹಳ ಹಿಂದೆಯೇ ಬಳಸಿಕೊಂಡಿತ್ತು ಎಂಬುದು ಇಲ್ಲಿ ಸ್ಮರಣೀಯ. 1790ರ ದಶಕದ ಲಂಡನ್ನಿನಲ್ಲಿ ಟಿಪ್ಪುವಿನೊಂದಿಗಿನ ಯುದ್ಧಗಳು ಜನಪ್ರಿಯ ರಂಗಪ್ರದರ್ಶನಗಳಾದವು. ಕುದುರೆ ಸರ್ಕಸ್ಸಿಗೆ ಹೆಸರಾಗಿದ್ದ ಆಸ್ಟ್ಲಿಯ ರಂಗಮಂದಿರ ಅದಕ್ಕೆ ಮುಖ್ಯ ತಾಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಇಪ್ಪತ್ತರ ಹರೆಯದ ಚಿತ್ರಕಾರ ರಾಬರ್ಟ್ ಕೆರ್ ಪೋರ್ಟರ್ ಸುಮಾರು 120 ಅಡಿ ಉದ್ದದ ಮಹಾಚಿತ್ರವೊಂದನ್ನು ಬರೆದು ಲೈಸಿಯಮ್ ಭವನದಲ್ಲಿ ಪ್ರದರ್ಶನಕ್ಕಿಟ್ಟ. ಜನ ದುಡ್ಡು ಕೊಟ್ಟು ಒಳಹೊಕ್ಕು, ಕೋಟೆಯ ಒಡಕಿನ ಮುಂದೆ ತಾವೇ ನಿಂತಂತೆ ಭಾವಿಸಿ ಹೊರಬಂದರು. ಚಿತ್ರದಲ್ಲಿ ಸಮವಸ್ತ್ರ, ಮುಖಚಹರೆ, ಏಣಿ, ಹೊಗೆ ಎಲ್ಲಕ್ಕೂ ಜಾಗವಿತ್ತು. ಆ ದಿನದ ಶ್ರೀರಂಗಪಟ್ಟಣದ ಸದ್ದು ಮಾತ್ರ ಹೇಗೂ ಬರುವಂತಿರಲಿಲ್ಲ. ಟಿಪ್ಪುವಿನ ಸೇನೆಯ ಕೈಪಿಡಿಯಾದ ‘ಫತಹುಲ್ ಮುಜಾಹಿದೀನ್’ ಕವಾಯತಿನ ಫ್ರೆಂಚ್ ಆಜ್ಞೆಗಳ ಜಾಗದಲ್ಲಿ ಫಾರ್ಸಿ ಆಜ್ಞೆಗಳನ್ನು ತಂದಿತ್ತು. ಆಡಳಿತದ ಲೆಕ್ಕಪತ್ರಗಳಲ್ಲಿ ಕನ್ನಡ, ಮರಾಠಿಗಳೂ ಇದ್ದವು. ಕೋಟೆಗೆ ನುಗ್ಗಿದ ಕಡೆಯಲ್ಲಿ ಸ್ಕಾಟ್‌ಲೆಂಡಿನ ಬೆಟ್ಟಸೀಮೆಯ ರೆಜಿಮೆಂಟುಗಳು, ಡಚ್ಚರ ಸೇವೆ ಬಿಟ್ಟು ಬಂದಿದ್ದ ಸ್ವಿಸ್ ಮೂಲದ ದ ಮ್ಯೂರೊನ್ ರೆಜಿಮೆಂಟು, ಮದರಾಸಿನ ಸಿಪಾಯಿಗಳು, ನಿಜಾಮನ ಪಡೆ ಎಲ್ಲ ಇದ್ದರು. ಆ ಒಡಕಿನ ಎರಡೂ ಬದಿಯಲ್ಲಿ ಅಂದು ಎಷ್ಟು ನುಡಿಗಳಲ್ಲಿ ಕೂಗೆದ್ದಿರಬಹುದು! ಲಂಡನ್ನಿನ ಪ್ರೇಕ್ಷಕರು ಕೊಂಡ ಟಿಕೆಟ್ಟಿಗೆ ಅದು ಸೇರಿರಲಿಲ್ಲ.

ಯಾರ ಮಾತು ಕೇಳಬೇಕೆಂಬ ಪ್ರಶ್ನೆ ಯಾರು ಬಯಲಿಗಿಳಿಯಬಹುದೆಂಬ ಪ್ರಶ್ನೆಗೂ ಹೊಂದಿಕೊಂಡಿದೆ. 1989ರಲ್ಲಿ ಮೇರಿಲ್ಯಾಂಡಿನ ಆಂಟೀಟಮ್ ರಣಭೂಮಿಯ ಕಾರ್ಯಕ್ರಮವೊಂದರಲ್ಲಿ ಪುರುಷ ಸಿಪಾಯಿಯ ವೇಷ ತೊಟ್ಟಿದ್ದ ಲಾರೆನ್ ಕುಕ್ ಬರ್ಜೆಸ್ ಅವರನ್ನು, ಹೆಣ್ಣೆಂಬ ಕಾರಣಕ್ಕೆ ಅಧಿಕಾರಿಗಳು ಹೊರಗಿಟ್ಟರು. ನಿಖರತೆಯ ಹೆಸರಿನಲ್ಲಿ ನಡೆದ ಈ ಕ್ರಮ ಇತಿಹಾಸದ ದೃಷ್ಟಿಯಿಂದಲೇ ತಪ್ಪಾಗಿತ್ತು. ಗಂಡುವೇಷದಲ್ಲಿ ಆ ಯುದ್ಧದಲ್ಲಿ ಹೋರಾಡಿದ ಇನ್ನೂರಕ್ಕೂ ಹೆಚ್ಚು ಹೆಂಗಸರ ದಾಖಲೆಗಳು ಸಿಕ್ಕಿವೆ. ಬರ್ಜೆಸ್ ನ್ಯಾಯಾಲಯಕ್ಕೆ ಹೋಗಿ 1993ರಲ್ಲಿ ಗೆದ್ದರು. ಮರುವರ್ಷ, ಪುರುಷನ ಹೆಸರಿನಲ್ಲಿ ಸೇನೆ ಸೇರಿ ರೋಗದಿಂದ ಸತ್ತ ಸಾರಾ ರೊಸೆಟ್ಟಾ ವೇಕ್‌ಮನ್ ಮನೆಗೆ ಬರೆದ ಪತ್ರಗಳನ್ನು ಸಂಪಾದಿಸಿ ಪ್ರಕಟಿಸಿದರು. ವೇಷದಿಂದ ಆರಂಭವಾದ ಜಗಳ ಹೀಗೆ ಒಬ್ಬಳ ಮಾತನ್ನು ಮರಳಿ ತಂದಿತು. ಅದೇ 1994ರ ಅಕ್ಟೋಬರಿನಲ್ಲಿ ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಎಂಬ ಬಯಲು ವಸ್ತುಸಂಗ್ರಹಾಲಯದಲ್ಲಿ ಗುಲಾಮರ ಹರಾಜನ್ನು ಅಭಿನಯಿಸಿದಾಗ ಪ್ರತಿಭಟನೆ ಎದ್ದಿತು. ಅವಮಾನವನ್ನು ಮತ್ತೆ ಆಡಿ ತೋರಿಸಬೇಕೆ ಎಂದು ಕೇಳಿದವರೂ, ತೋರಿಸದಿದ್ದರೆ ಅದು ನಡೆದೇ ಇರಲಿಲ್ಲವೆಂದಾಗುವುದಿಲ್ಲವೆ ಎಂದು ಕೇಳಿದವರೂ ಒಂದೇ ಸಮುದಾಯದವರಾಗಿದ್ದರು. ಇಬ್ಬರ ಮಾತಿನಲ್ಲೂ ಹುರುಳಿತ್ತು.

ಈ ಎಲ್ಲ ಎಳೆಗಳು ಒಂದೆಡೆ ಸೇರಿದ ಪ್ರಯೋಗ ನಡೆದದ್ದು ಲೂಸಿಯಾನಾದಲ್ಲಿ. 1811ರ ಜನವರಿ 8ರಂದು ಮಿಸಿಸಿಪಿ ನದಿಯ ದಂಡೆಯ ಕಬ್ಬಿನ ತೋಟಗಳಲ್ಲಿ ಚಾರ್ಲ್ಸ್ ದೆಲೋಂಡ್ ಎಂಬವನ ಮುಂದಾಳತ್ವದಲ್ಲಿ ಗುಲಾಮರು ಆಯುಧವೆತ್ತಿ ನ್ಯೂಆರ್ಲಿಯನ್ಸ್ ನಗರದ ಕಡೆಗೆ ಹೊರಟರು. ಅಮೆರಿಕದ ಇತಿಹಾಸದಲ್ಲೇ ದೊಡ್ಡದೆನ್ನಲಾದ ಈ ಗುಲಾಮ ಬಂಡಾಯದಲ್ಲಿ 500 ಜನರವರೆಗೆ ಪಾಲ್ಗೊಂಡಿದ್ದರೆಂಬ ಅಂದಾಜಿದೆ. ಎರಡು ದಿನಗಳಲ್ಲಿ ಅದು ಮುರಿದುಬಿತ್ತು. ಮರಣದಂಡನೆಗೆ ಒಳಗಾದವರ ತಲೆಗಳನ್ನು ನದಿಯ ಏರಿಯುದ್ದಕ್ಕೂ ಕಂಬಗಳಿಗೆ ಸಿಕ್ಕಿಸಲಾಯಿತು. ಇನ್ನೂರು ವರ್ಷ ಕಳೆದರೂ ಈ ಕಾಳಗವನ್ನು ಆಡಲು ಯಾವ ಹವ್ಯಾಸಿ ಸಂಘವೂ ಮುಂದೆ ಬರಲಿಲ್ಲ.

2019ರ ನವೆಂಬರ್ 8 ಮತ್ತು 9ರಂದು ಡ್ರೆಡ್ ಸ್ಕಾಟ್ ಎಂಬ ಕಲಾವಿದನ ಯೋಜನೆಯಂತೆ ನೂರಾರು ಜನ ಅದೇ ದಾರಿಯಲ್ಲಿ 26 ಮೈಲಿ ನಡೆದರು. ಹಿಂದಿನ ಕಬ್ಬಿನ ತೋಟಗಳ ಜಾಗದಲ್ಲಿ ಈಗ ತೈಲ ಶುದ್ಧೀಕರಣ ಘಟಕಗಳು, ರಾಸಾಯನಿಕ ಕಾರ್ಖಾನೆಗಳು ನಿಂತಿವೆ. ಪುನರಭಿನಯದ ಕಟ್ಟಾಳುಗಳು ಮರೆಮಾಚಲು ಹೆಣಗುವ ಇಂಥ ವರ್ತಮಾನವನ್ನು ಇಲ್ಲಿ ಯಾರೂ ಮರೆಮಾಚಲಿಲ್ಲ. ಕತ್ತಿ, ಮಚ್ಚು, ಬಂದೂಕು ಹಿಡಿದ ಮೆರವಣಿಗೆ ಹೊಗೆಕೊಳವೆಗಳ ಎದುರೇ ಸಾಗಿತು. ಬಟ್ಟೆಯನ್ನು ಸಮುದಾಯದವರೇ ಕೂತು ಹೊಲಿದಿದ್ದರು. ಅಷ್ಟರಮಟ್ಟಿಗೆ ಇದು ಹಳೆಯ ಹವ್ಯಾಸದ ದಾರಿಯೇ. ಬೇರೆಯಾದದ್ದು ನುಡಿಯಲ್ಲಿ. ನಡೆಯುವವರು ಆಫ್ರಿಕದ ಡೋಲುಗಳ ಜತೆ ಇಂಗ್ಲಿಷಿನಲ್ಲೂ, ಅದರೊಡನೆ ಕ್ರಿಯೋಲಿನಲ್ಲೂ ಹಾಡಿದರು. ಅದು ತೋಟಗಳ ಗುಲಾಮರು ಫ್ರೆಂಚ್ ಮತ್ತು ಆಫ್ರಿಕದ ನುಡಿಗಳ ನಡುವೆ ಕಟ್ಟಿಕೊಂಡ ಮಾತು. ಶಾಲೆಯಿಂದ ಹೊರಗುಳಿದು, ಇಂದು ಆಡುವವರು ವಿರಳವಾಗಿರುವ ಮಾತು.

ಆ ಎರಡು ದಿನದ ನಡಿಗೆ 1811ರ ಸೋಲನ್ನು, ಕಂಬಕ್ಕೆ ಸಿಕ್ಕಿಸಿದ ತಲೆಗಳನ್ನು ತೋರಿಸಿ ಮುಗಿಯಲಿಲ್ಲ. ಬಂಡಾಯಗಾರರು ಎಂದೂ ತಲುಪದ ನ್ಯೂಆರ್ಲಿಯನ್ಸ್‌ನ್ನು ಅವರ ವೇಷದವರು ತಲುಪಿದರು. ನಿಖರತೆಯ ನಿಯಮದ ಪ್ರಕಾರ ಇದು ಶುದ್ಧ ತಪ್ಪು. ಮೆರವಣಿಗೆ ನಿಂತದ್ದು ಕಾಂಗೋ ಚೌಕದಲ್ಲಿ, ಹಿಂದೆ ಭಾನುವಾರಗಳಂದು ಗುಲಾಮರು ಸೇರಿ ಡೋಲು ಬಾರಿಸಿ ತಮ್ಮ ತಮ್ಮ ನುಡಿಗಳಲ್ಲಿ ಹಾಡಿಕೊಳ್ಳುತ್ತಿದ್ದ ಜಾಗದಲ್ಲಿ.